ಕೊಕ್ಕರೆ ಡಬ್ಬಿ

ಹನ್ನೊಂದನೆಯ ದಿನದ ಕಾರ್ಯ ಮುಗಿಸಿ ನೆಂಟರು ಹೋದ ಮರುದಿನ ಬೆಳಿಗ್ಗೆ ಸುಕನ್ಯಾ ಎರಡು ಲೋಟಕ್ಕೆ ಚಹಾ ಸೋಸಿ, ಮೂರನೆಯದಕ್ಕೂ ಕೈ ಚಾಚಿ, ಹಿಂದಕ್ಕೆ ತೆಗೆದಳು. ಆಮೇಲೆ ತೀರಿಹೋದ ಗಂಡ ಮೈಲಾರೇಶನ ಕೋಣೆಗೆ ಹೋಗಿ ಗೋಡೆಯ ಕಪಾಟು ತೆರೆದಳು.

ಮೈಲಾರೇಶ್ ಕೊಟ್ಟೂರಿನಲ್ಲಿ ಚಿತ್ರಕಲೆಯ ಮೇಷ್ಟ್ರಾಗಿದ್ದ. ಜಪಾನಿನ ಮೆರುಗಿನ ಡಬ್ಬಿ, ಬಟ್ಟಲು ಕೂಡಿಹಾಕುವುದು ಅವನ ಹುಚ್ಚು. ಹೊಸಪೇಟೆಯ ಹಳೆ ಸಾಮಾನಿನ ಅಂಗಡಿಯಲ್ಲಿ ಸಿಕ್ಕಿದ್ದು, ಅಂಚೆಯಲ್ಲಿ ತರಿಸಿದ್ದು ಸೇರಿ ಏಳು. ಎಂಟನೆಯದು ಅವನದಲ್ಲ, ಹಿಂದಿನ ಓಣಿಯ ನೀಲಗಂಗಮ್ಮನ ಎಲೆ-ಅಡಿಕೆ ಡಬ್ಬಿ. ಅದೂ ಜಪಾನಿನದೇ, ಕಪ್ಪು ಮುಚ್ಚಳದ ಮೇಲೆ ಬಂಗಾರದ ಕೊಕ್ಕರೆ. ಉದುರಿದ ರೆಕ್ಕೆ ಸರಿಮಾಡಿಕೊಡುತ್ತೇನೆಂದು ಕೇಳಿ ತಂದಿದ್ದ.

ಮರದ ಹಾಲಿನಿಂದ ಮಾಡಿದ ಆ ಮೆರುಗು ಬಿಸಿಲಿಗಲ್ಲ, ತೇವಕ್ಕೆ ಗಟ್ಟಿಯಾಗುತ್ತದೆ. ಅದಕ್ಕೆಂದು ಕಪಾಟಿನೊಳಗೆ ಒದ್ದೆ ಬಟ್ಟೆ ಇಳಿಬಿಡುತ್ತಿದ್ದ. "ಒಣಗ್ಲಿ ಅಂತ ಒದ್ದಿ ಅರಬಿ ಹಾಕೋ ಶ್ಯಾಣ್ಯಾ ನಮ್ಮ ಮನ್ಯಾಗ ಹುಟ್ಯಾನ ನೋಡ್ರಿ," ಎಂದು ಅವನ ತಾಯಿ ನಾಗಲಿಂಗಮ್ಮ ಓಣಿಗೆಲ್ಲ ಹೇಳಿ ನಗುತ್ತಿದ್ದಳು.

ಇಷ್ಟು ದಿನಕ್ಕೆ ಬಟ್ಟೆ ಒಣಗಿ ಬಿರುಸಾಗಿ ಕೆಲಸ ಕೆಟ್ಟಿರಬೇಕು ಎಂದುಕೊಂಡೇ ಸುಕನ್ಯಾ ಕೈಯಿಟ್ಟಳು. ತಣ್ಣಗಿತ್ತು. ತುದಿಯಿಂದ ಒಂದು ಹನಿ ಬಿತ್ತು.

"ಅತ್ತಿ, ಇದನ್ನ ಯಾರು ತೋಯ್ಸಿದ್ರು?"

ನಾಗಲಿಂಗಮ್ಮ ಬಾಗಿಲಲ್ಲೇ ನಿಂತಳು. "ನಾನ. ದಿನಾ ಮುಂಜಾನಿ. ಅಂವ ಹಂಗ ಮಾಡ್ತಿದ್ದನಲ್ಲ."

ಸುಕನ್ಯಾ ಅತ್ತೆಯ ಕೈ ಹಿಡಿದುಕೊಂಡಳು. ಬೆರಳುಗಳು ಇನ್ನೂ ಒದ್ದೆಯಾಗಿದ್ದವು.

ಡಬ್ಬಿಯ ಮೆರುಗು ಗಟ್ಟಿಯಾಗಿತ್ತು. ಕೊಕ್ಕರೆಗೆ ಪೂರಾ ರೆಕ್ಕೆ ಬಂದಿತ್ತು. ಮುಚ್ಚಳದ ಒಳಮೈಗೂ ಮೈಲಾರೇಶ್ ಮೆರುಗು ಬಳಿದಿದ್ದ; ಆ ಹೊಸ ಪದರದ ಅಂಚಿನಲ್ಲಿ ಒಂದು ಹೆಬ್ಬೆರಳಿನ ಗುರುತು. ಒಣಗಿತೇ ಎಂದು ಅವಸರಪಟ್ಟು ಮುಟ್ಟಿದ್ದ. ಮರುದಿನವೇ ಕೂಡ್ಲಿಗಿ ರಸ್ತೆಯಲ್ಲಿ ಅವನ ಬೈಕು ಉರುಳಿತ್ತು.

"ಇದೊಂದು ನನಗಿರ್ಲಿ ಅತ್ತಿ. ನೀಲಗಂಗಮ್ಮ ಕೇಳೇ ಇಲ್ಲ."

"ಕೇಳಂಗಿಲ್ಲ ಆಕಿ. ಅದಕ್ಕ ಕೊಡಬೇಕು. ಖಾಲಿ ಕೊಡಬ್ಯಾಡ ಮತ್ತ," ಎಂದಳು ಅತ್ತೆ.

"ಸಾವಾದ ಮನಿಯಿಂದ ಏನು ಕೊಡ್ಲಿ?"

ನಾಗಲಿಂಗಮ್ಮ ಅಡುಗೆಮನೆಗೆ ಹೋಗಿ, ನಾಲ್ಕು ಹರಳು ಕಲ್ಲುಸಕ್ಕರೆ ತಂದು ಡಬ್ಬಿಯೊಳಗೆ ಹಾಕಿದಳು.

ಸುಕನ್ಯಾ ಹಿಂದಿನ ಓಣಿಗೆ ಡಬ್ಬಿ ಒಯ್ದು ಕೊಟ್ಟಾಗ, ನೀಲಗಂಗಮ್ಮ ಸಕ್ಕರೆಯನ್ನು ತಟ್ಟೆಗೆ ಸುರಿದು, ಒಂದು ಹರಳನ್ನು ಅವಳ ಬಾಯಿಗೇ ಇಟ್ಟಳು. ಮುಚ್ಚಳ ಹೊರಳಿಸಿದಾಗ ಗುರುತು ಕಂಡು, ಒರೆಸಲು ಸೆರಗು ಎತ್ತಿದಳು.

"ಅದು ಹೋಗಂಗಿಲ್ರಿ ಅಮ್ಮ. ಅವರ ಬೆರಳು."

ಸೆರಗು ಅಲ್ಲೇ ನಿಂತಿತು. ಮುದುಕಿ ಮುಚ್ಚಳವನ್ನು ಬೆಳಕಿಗೆ ಹಿಡಿದು ನೋಡಿದಳು.

"ಯಾಕ ಹೋಗಬೇಕು? ಮೇಷ್ಟ್ರು ರುಜು ಹಾಕ್ಯಾರ. ಎಲಿ ಹಾಕ್ಕೊಳ್ಳಾಕ ಬರ್ತಿರು ಯವ್ವಾ."

ಗೋಡೆಯ ಗೂಡಿನಲ್ಲಿ ಅಡಕತ್ತರಿ, ಸುಣ್ಣದ ಕಾಯಿ, ಕನ್ನಡಕ ಒಂದು ಮೂಲೆಗೆ ಒತ್ತಿಕೊಂಡಿದ್ದವು. ನಡುವೆ ಡಬ್ಬಿಯಗಲದ ಜಾಗ ಖಾಲಿಯಿತ್ತು. ಎಲೆ-ಅಡಿಕೆ ಪ್ಲಾಸ್ಟಿಕ್ ಚೀಲದಲ್ಲಿ ಮೊಳೆಗೆ ತೂಗುತ್ತಿತ್ತು. ನೀಲಗಂಗಮ್ಮ ಚೀಲ ಇಳಿಸಿ, ಒಂದೊಂದೇ ಎಲೆ ಒರೆಸಿ ಡಬ್ಬಿಗೆ ಜೋಡಿಸತೊಡಗಿದಳು. ಸುಕನ್ಯಾಳ ಬಾಯಲ್ಲಿ ಸಕ್ಕರೆ ಇನ್ನೂ ಕರಗುತ್ತಿತ್ತು.