ದೋಣಿ ಹೋಗುವಷ್ಟು ನೀರು

ಸಹೃದಯರೇ, ದೂರದಿಂದ ನೋಡಿದರೆ ಆ ಕೆರೆ ಸ್ವರ್ಗವೇ! ಪಡುವಣ ದಿಗಂತದಲ್ಲಿ ಕುಂಕುಮವರ್ಣ ಕದಡಿ, ಇಳಿಬಿಸಿಲಿನ ಕಡೆಯ ಕಿರಣಗಳು ಜಲರಾಶಿಯ ಮೇಲೆ ಹೊರಳಾಡಿ, ನಡುವೆ ಅಲ್ಲಲ್ಲಿ ಶ್ವೇತಪುಷ್ಪಗಳ ರಾಶಿಯಂತೆ ಏನೋ ತೇಲುತ್ತಾ, ಮಂದಾನಿಲಕ್ಕೆ ಮೆಲ್ಲಗೆ ಓಲಾಡುತ್ತಾ... ಕವಿಹೃದಯವುಳ್ಳವರು ಅಲ್ಲಿಯೇ ನಿಂತುಬಿಡಬೇಕು. ಮುಂದೆ ಒಂದು ಹೆಜ್ಜೆಯನ್ನೂ ಇಡಬಾರದು. ಹತ್ತಿರ ಹೋದರೆ ಆ ಶ್ವೇತಪುಷ್ಪಗಳು ಸಾಬೂನಿನ ನೊರೆಯಾಗುತ್ತವೆ, ಕುಂಕುಮವರ್ಣದ ನೀರು ಎಣ್ಣೆಯ ಪೊರೆ ಹೊದ್ದ ಕೊಚ್ಚೆಯಾಗುತ್ತದೆ, ಮಂದಾನಿಲವು ಕರುಳನ್ನೇ ಬಾಯಿಗೆ ತರುವ ನಾತವಾಗುತ್ತದೆ. ದೂರದ ಬೆಟ್ಟ ನುಣ್ಣಗೆ ಎಂದ ಹಿರಿಯರು ಕೆರೆಯನ್ನೂ ಸೇರಿಸಿ ಹೇಳಬೇಕಿತ್ತು.

ಆ ಕೆರೆಯ ದಂಡೆಯಲ್ಲಿ ಹಸಿರು ಬಣ್ಣದ ಉದ್ದನೆಯ ಹಗುರ ದೋಣಿಯೊಂದನ್ನು ಹೊತ್ತು ದಂಪತಿಗಳಿಬ್ಬರು ನಿಂತಿದ್ದರು. ಮುಂದಿನ ತುದಿ ಹೆಂಡತಿಯ ಹೆಗಲ ಮೇಲೆ, ಹಿಂದಿನ ತುದಿ ಗಂಡನ ಹೆಗಲ ಮೇಲೆ. ಆಕೆ ಒಮ್ಮೆ ನೀರಿನತ್ತ ನೋಡಿದಳು, ಕರವಸ್ತ್ರವನ್ನು ಮೂಗಿಗೆ ಒತ್ತಿಕೊಂಡಳು, ಬಂದ ದಾರಿಗೆ ತಿರುಗಿದಳು. ದೋಣಿ ಹೆಗಲ ಮೇಲಿದ್ದುದರಿಂದ ಗಂಡನೂ ತಿರುಗಲೇಬೇಕಾಯಿತು.

ಆಕೆಗೆ ಗಂಡ ಇಟ್ಟ ಹೆಸರು ಮೂಗಿನರಾಣಿ. ಕೋಪವೂ ಮೂಗಿನ ತುದಿಯಲ್ಲಿ, ಅಸಹ್ಯವೂ ಅಲ್ಲಿಯೇ! ವಿಚಿತ್ರವೆಂದರೆ ಹಲ್ಲಿನ ಸೆಟ್ಟು ತಯಾರಿಸುವುದು ಆಕೆಯ ಕಸುಬು. ದಂತವೈದ್ಯರ ಕೋಣೆಯ ಹಿಂದಿನ ಕಿರಿದಾದ ಕಾರ್ಯಾಗಾರದಲ್ಲಿ, ದೀಪದ ಕೆಳಗೆ, ಕಂಡುಕೇಳರಿಯದವರ ಬಾಯಿಯ ಅಚ್ಚುಗಳನ್ನು ಸಾಲಾಗಿ ಇಟ್ಟುಕೊಂಡು, ಗುಲಾಬಿ ಮೇಣದಲ್ಲಿ ಒಸಡು ತಿದ್ದುತ್ತಾ ದಿನವಿಡೀ ಕೂರುತ್ತಿದ್ದಳು. ಅದರಲ್ಲಿ ಆಕೆಗೆ ಹೇಸಿಗೆ ಇಲ್ಲ. ಗಂಡನ ಅಂಗಿ ಕಂಡರೆ ಮಾತ್ರ ಹೇಸಿಗೆ. ಹಳೆಯ ಊರಿನಲ್ಲಿ ಆತ ಕುಡಿಯುವ ನೀರಿನ ವಿಭಾಗದಲ್ಲಿದ್ದ. ಬಡ್ತಿಯೆಂಬ ಹೆಸರಿನಲ್ಲಿ ಈ ಊರಿನ ಕೊಳಚೆನೀರಿನ ಘಟಕಕ್ಕೆ ಮೇಲ್ವಿಚಾರಕನಾಗಿ ಬಂದ ಮೇಲೆ, ಸಂಜೆ ಅವನಿಗಿಂತ ಮೊದಲು ಅವನ ನಾತವೇ ಮೆಟ್ಟಿಲು ಹತ್ತಿ ಬರುತ್ತಿತ್ತು. ಭಾನುವಾರಗಳಂತೂ ಕೇಳುವುದೇ ಬೇಡ. ರಜಾದಿನವೂ ಬೆಳಗ್ಗೆಯೇ ಹೊರಟು, ಕೊಳೆತ ಕೆಸರನ್ನು ಮೈಗೆಲ್ಲ ಬಳಿದುಕೊಂಡು ಮಧ್ಯಾಹ್ನ ಮರಳುತ್ತಿದ್ದ. ಹೆಂಡತಿಯ ಮುಖ ನೋಡಲಾರದೆ ಗಟಾರಕ್ಕೆ ಓಡುತ್ತಾನೆಂದು ಆಕೆಯ ತೀರ್ಮಾನ. ಅವನ ಹಾಸಿಗೆಯನ್ನು ಮುಂದಿನ ಕೋಣೆಗೆ ಸಾಗಿಸಿದ್ದಳು.

ಇಂಥವರ ನಡುವೆಯೂ ಒಂದು ಕಾಲದಲ್ಲಿ ಒಲವಿತ್ತು... ಹಳೆಯ ಊರಿನ ನದಿಯಲ್ಲಿ, ಮುಂಜಾವಿನ ಮಂಜು ಹರಿಯುವ ಹೊತ್ತಿನಲ್ಲಿ, ಇದೇ ದೋಣಿಯಲ್ಲಿ ಅದು ಹುಟ್ಟಿತ್ತು. ಮುಂದೆ ಆಕೆ, ಹಿಂದೆ ಆತ. ಹಿಂದೆ ಕೂತವರು ದಾರಿ ನೋಡಿ ದೋಣಿಯ ದಿಕ್ಕು ತಿದ್ದಬೇಕು, ಮುಂದೆ ಕೂತವರು ಹಿಂತಿರುಗಿ ನೋಡಬಾರದು, ಇದು ಅವರ ಕಟ್ಟಳೆ. ಆಮೇಲೆ ಕೆಲಸ, ಬಾಡಿಗೆ ಮನೆ, ಬೇಸರ. ದೋಣಿ ಅಟ್ಟ ಸೇರಿತು. ಊರು ಬಿಡುವಾಗ ಅಟ್ಟದಿಂದ ಇಳಿಸಿ ಧೂಳು ಒರೆಸಿದಾಗ, ಆಕೆಯ ಎದೆಯಲ್ಲಿ ಏನೋ ಮಿಸುಕಿತ್ತು. ಆ ಮಿಸುಕನ್ನು ಈ ಹೊಸ ಊರು ನೊರೆಯಲ್ಲಿ ಅದ್ದಿ ತೆಗೆದಿತ್ತು. ಕೆರೆಗೂ ಮೊದಲು ನೋಡಿದ ಹೊಳೆಯಲ್ಲಿ ಹೊಟ್ಟೆಯುಬ್ಬಿದ ನಾಯಿಯೊಂದು ತೇಲುತ್ತಿತ್ತು. ಅಂದು ರಾತ್ರಿ ಅವಳು ಊಟ ಮಾಡಲಿಲ್ಲ.

ಹೀಗಿರುವಾಗ ಹಳೆಯ ಊರಿನ ಕಾರ್ಯಾಗಾರದ ಯಜಮಾನಿ ಫೋನು ಮಾಡಿದ್ದಳು. ನಿನ್ನ ಜಾಗ ಖಾಲಿಯೇ ಇದೆ, ಬರುವುದಾದರೆ ಸೋಮವಾರದೊಳಗೆ ಹೇಳು ಎಂದಿದ್ದಳು. ಕೆರೆಯಿಂದ ಮರಳಿದ ಆ ಶನಿವಾರ ಸಂಜೆ, ದೋಣಿಯನ್ನು ಮೆಟ್ಟಿಲ ಕೆಳಗೆ ಇಳಿಸಿ ಆಕೆ ಗಂಡನಿಗೆ ಅದನ್ನು ತಿಳಿಸಿದಳು.

"ಈ ಊರಲ್ಲಿ ದೋಣಿ ಇಳಿಸೋಕೆ ಒಂದು ಜಾಗ ಸಿಕ್ಕಿದ್ರೆ ಇರ್ತೀನಿ. ಇಲ್ಲಾಂದ್ರೆ ನಾನು ಹೊರಟೆ. ನೀವು ಬರಬೇಕು ಅಂತೇನಿಲ್ಲ."

ಆತ ಹುಟ್ಟುಗಳನ್ನು ಒರೆಸಿ ದೋಣಿಯೊಳಗಿಟ್ಟ. "ಇನ್ನೊಂದು ಜಾಗ ಇದೆ. ನಾಳೆ ಬೆಳಗ್ಗೆ ಹೋಗೋಣ" ಎಂದ.

ಆಹಾ, ಆ ಬೆಳಗು! ನಸುಗಾಳಿಗೆ ಜೊಂಡುಹುಲ್ಲು ಬಾಗಿ, ಎಳಬಿಸಿಲು ಎಲೆಗಳ ನಡುವಿನಿಂದ ಜಿನುಗಿ, ಅಗಲ ಕಿರಿದಾದ ಕಾಲುವೆಯೊಂದು ತಳದ ಬೆಣಚುಕಲ್ಲುಗಳನ್ನೆಲ್ಲ ತೋರಿಸುತ್ತಾ ಹರಿಯುತ್ತಿತ್ತು. ದೋಣಿ ನೀರಿಗಿಳಿದ ಗಳಿಗೆಯಲ್ಲೇ ಆಕೆಯ ತೋಳುಗಳಿಗೆ ಹಳೆಯ ಲಯ ಮರಳಿತು. ಹುಟ್ಟು ಮುಳುಗಿತು, ಎದ್ದಿತು, ಮತ್ತೆ ಮುಳುಗಿತು... ನೀರಿನ ಮೇಲಿಟ್ಟ ಕಣ್ಣನ್ನು ಆಕೆ ಕೀಳಲಿಲ್ಲ. ಎಷ್ಟೋ ತಿಂಗಳ ಮೇಲೆ ಹೊಟ್ಟೆಯ ತನಕ ಉಸಿರೆಳೆದುಕೊಂಡಳು. ಸಂತೋಷ ತಡೆಯಲಾರದೆ ಬಾಗಿ, ಬೊಗಸೆ ತುಂಬ ನೀರೆತ್ತಿದಳು.

"ಮುಖಕ್ಕೆ ಬೇಡ" ಎಂದ ಆತ ಹಿಂದಿನಿಂದ.

ಅಷ್ಟರಲ್ಲಿ ನೀರು ಮುಖದ ಮೇಲಿತ್ತು, ತುಟಿಯ ಮೇಲೂ ಇತ್ತು.

"ಯಾಕೆ? ರೀ, ಈ ನೀರು ಎಲ್ಲಿಂದ ಬರುತ್ತೆ?"

ಸುಳ್ಳು ಹೇಳಲು ಆತನಿಗೆ ಬರುತ್ತಿರಲಿಲ್ಲ. "ನಮ್ಮ ಘಟಕದಿಂದ. ಶುದ್ಧ ಮಾಡಿ ಬಿಟ್ಟಿದ್ದು. ಕುಡಿಯೋಕಾಗಲ್ಲ, ದೋಣಿ ನಡೆಸಬಹುದು."

ಊರಿನ ಸಮಸ್ತ ಬಚ್ಚಲು, ಸಮಸ್ತ ಪಾಯಿಖಾನೆ ಆಕೆಯ ತುಟಿಯ ಮೇಲೆ ಬಂದು ಕುಳಿತಂತಾಯಿತು! ದೋಣಿಯಂಚಿಗೆ ಬಾಗಿ ವಾಂತಿ ಮಾಡಿಕೊಂಡಳು. ತೋಳಿನಿಂದ ಬಾಯನ್ನು ಉಜ್ಜಿ ಉಜ್ಜಿ ಕೆಂಪು ಮಾಡಿಕೊಂಡಳು. ವಾಪಸ್ಸು ನಡೆಯಿರಿ ಎಂದಳು. ತಿರುಗಿಸಲು ಕಾಲುವೆಯಲ್ಲಿ ಜಾಗವಿಲ್ಲ. ಆ ದೋಣಿಗೆ ಎರಡು ತುದಿಯೂ ಒಂದೇ ಬಗೆ. ಇಬ್ಬರೂ ಕೂತಲ್ಲೇ ಕಾಲೆತ್ತಿ ಹಿಮ್ಮುಖರಾದರೆ ಸಾಕು, ಮುಂದಿನದು ಹಿಂದಾಗುತ್ತದೆ. ಹಾಗೆಯೇ ಮಾಡಿದರು. ಈಗ ಆತ ಮುಂದೆ, ಆಕೆ ಹಿಂದೆ.

ಆದರೆ ಸಿಟ್ಟಿನ ಭರದಲ್ಲಿ ಒಂದನ್ನು ಮರೆತಳು. ಹಿಂದೆ ಕೂತವರು ದಾರಿ ನೋಡಬೇಕು. ಆಕೆಗೆ ಮುಂದೆ ಕೂತೇ ಅಭ್ಯಾಸ. ಹುಟ್ಟನ್ನು ಮಡಿಲಲ್ಲಿಟ್ಟು ಬಾಯಿ ಒರೆಸುತ್ತಲೇ ಇದ್ದಳು. ದಿಕ್ಕು ತಿದ್ದುವವರಿಲ್ಲದ ದೋಣಿ ಓರೆಯಾಗಿ ಹೋಗಿ ದಡದ ಪೊದೆಗೆ ನುಗ್ಗಿತು. ಬೀಳದಿರಲು ಆಕೆ ಕೈಗೆ ಸಿಕ್ಕ ಕೊಂಬೆಯನ್ನು ಹಿಡಿದಳು. ಅದು ಮೋಟು ಕೊಂಬೆ. ಕಡಿದ ಬಾಯಿ ಇನ್ನೂ ಬೆಳ್ಳಗಿತ್ತು. ಪಕ್ಕದ್ದೂ ಹಾಗೆಯೇ, ಅದರಾಚೆಯದ್ದೂ ಹಾಗೆಯೇ... ಕಣ್ಣು ಹಾಯುವಷ್ಟು ದೂರ, ಎರಡೂ ದಡಗಳಲ್ಲಿ, ದೋಣಿಯಲ್ಲಿ ಕೂತ ಹೆಂಗಸಿನ ಮುಖಕ್ಕೆ ತಾಗುವಂಥ ಒಂದು ಕೊಂಬೆಯೂ ಉಳಿದಿರಲಿಲ್ಲ. ದಡದ ಮೇಲೆ ಕೊಳೆತ ಚೀಲಗಳು, ಚಿಂದಿಬಟ್ಟೆಗಳು, ಕೆಸರು ಮೆತ್ತಿದ ಬಾಟಲಿಗಳು ಗುಡ್ಡೆಗುಡ್ಡೆಯಾಗಿ ಬಿದ್ದಿದ್ದವು.

"ಇದನ್ನೆಲ್ಲ ಯಾರು ತೆಗೆದಿದ್ದು?"

ಮುಂದೆ ಕೂತವನು ಕಟ್ಟಳೆಯಂತೆ ಹಿಂತಿರುಗಿ ನೋಡಲಿಲ್ಲ. "ಭಾನುವಾರ ನನಗೆ ಬೇರೆ ಏನು ಕೆಲಸ ಇತ್ತು?"

"ಹೇಳಬಹುದಿತ್ತಲ್ಲ."

"ಹೇಳಿದ್ರೆ ನೀನು ಬರ್ತಿದ್ಯಾ?"

"ಇಲ್ಲ" ಎಂದಳು. ನಿಜವನ್ನೇ ಹೇಳಿದಳು.

ಆ ಬೆನ್ನನ್ನು ಆಕೆ ಹೀಗೆ ಹಿಂದಿನಿಂದ ಎಂದೂ ನೋಡಿರಲಿಲ್ಲ. ಬೆವರಿನಿಂದ ಅಂಟಿದ ಅಂಗಿ, ದೋಣಿ ಇಳಿಸುವಾಗ ಕತ್ತಿಗೆ ಮೆತ್ತಿ ಒಣಗಿದ ಕೆಸರಿನ ಗೆರೆ, ಮುಳ್ಳು ಗೀರಿದ ಮೊಣಕೈ. ಗಾಳಿಯೊಡನೆ ಅವನ ನಾತವೂ ಬಂತು, ಅದೇ ನಾತ. ಹೊಟ್ಟೆ ಮತ್ತೆ ತೊಳಸಿತು. ಕಣ್ಣೂ ತುಂಬಿತು, ಯಾವುದು ಮೊದಲೋ ಆಕೆಗೇ ತಿಳಿಯಲಿಲ್ಲ. ಹುಟ್ಟನ್ನು ಎತ್ತಿಕೊಂಡು, ದೋಣಿಯನ್ನು ಪೊದೆಯಿಂದ ಬಿಡಿಸಿ, ದಾರಿ ನೋಡತೊಡಗಿದಳು.

ದಡ ಹತ್ತಿದ ಮೇಲೆ, ಬಾಯಿ ಮುಕ್ಕಳಿಸಿ, ಮತ್ತೆ ಮುಕ್ಕಳಿಸಿ, ಯಜಮಾನಿಗೆ ಫೋನು ಮಾಡಿ ತಾನು ಬರುವುದಿಲ್ಲವೆಂದಳು. ಹಾಗಾದರೆ ಅಲ್ಲಿಯ ನೀರು ಚೆನ್ನಾಗಿದೆಯೇ ಎಂದು, ಆಕೆಯ ದೋಣಿಯ ಹುಚ್ಚು ಬಲ್ಲ ಯಜಮಾನಿ ವಿಚಾರಿಸಿದಳು.

"ಗಲೀಜು. ನೆನೆಸಿಕೊಂಡ್ರೆ ಈಗಲೂ ವಾಕರಿಕೆ ಬರುತ್ತೆ. ಆದ್ರೆ ದೋಣಿ ಹೋಗುತ್ತೆ."

ದೋಣಿಯನ್ನು ಹೊರಲು ಬಾಗಿದ್ದ ಗಂಡ ಬಾಗಿದಂತೆಯೇ ನಿಂತ.

ಸಹೃದಯರೇ, ಒಲವೆಂದರೆ ನಿರ್ಮಲಜಲವೆಂದು ನಂಬಿಸಿದವರನ್ನು ನಾನು ಕ್ಷಮಿಸಲಾರೆ. ಮನುಷ್ಯನ ಹೃದಯದಿಂದ ಹರಿದು ಬರುವುದರಲ್ಲಿ ಊರಿನ ಕೊಳೆಯೆಲ್ಲ ಸೇರಿಯೇ ಇರುತ್ತದೆ. ಅದನ್ನು ಸೋಸಿ ಸೋಸಿ, ಇನ್ನೊಬ್ಬರ ಮುಖಕ್ಕೆ ತಾಗದಂತೆ ಮುಳ್ಳು ಸವರಿ, ತಾನು ನಾತ ಹೊತ್ತುಕೊಂಡು ಮನೆಗೆ ಮರಳುವ ಜೀವವೊಂದು ಎಲ್ಲೋ ಇರುತ್ತದೆ. ಅಸಹ್ಯವು ಪೂರ್ತಿ ಅಳಿಯುವುದಿಲ್ಲ, ಅಳಿಯಬೇಕಾಗಿಯೂ ಇಲ್ಲ... ಅದನ್ನು ಜೊತೆಗೆ ಕೂರಿಸಿಕೊಂಡೇ ಹುಟ್ಟು ಹಾಕಬಲ್ಲವರಿಗೆ ಯಾವ ಊರೂ ಪರವೂರಲ್ಲ.