ದೋಣಿಯ ನೀಲಿ

"ಇದು ಆಗುದಿಲ್ಲ ಮಗಾ," ಎಂದು ಉರ್ಸುಲಾ ಪೋಸ್ಟರನ್ನು ಮೇಜಿನ ಮೇಲಿಟ್ಟರು.

ಭವ್ಯಶ್ರೀಯ ಮುಖ ಸಣ್ಣದಾಯಿತು. ಅಬುಧಾಬಿಯ ಆ ವಿಶ್ವವಿದ್ಯಾಲಯದಲ್ಲಿ ಕನ್ನಡದ ಹುಡುಗ ಹುಡುಗಿಯರು ಸೇರಿ ರಾಜ್ಯೋತ್ಸವ ಮಾಡುತ್ತಿದ್ದುದು ೨೦೧೪ರಲ್ಲೇ ಮೊದಲು. ವಿಶ್ವವಿದ್ಯಾಲಯದ ಲಾಂಛನದಲ್ಲಿದ್ದ ನೀಲಿ ಹಾಯಿದೋಣಿಗೆ ಅವಳು ಪೋಸ್ಟರಿನಲ್ಲಿ ಕನ್ನಡ ಬಾವುಟದ ಹಳದಿ, ಕೆಂಪು ಬಳಿದಿದ್ದಳು. ಲಾಂಛನ ಬಳಸುವುದಕ್ಕೆ ಪ್ರಚಾರ ವಿಭಾಗದ ಉರ್ಸುಲಾ ಪಾಯ್ಸ್ ಅವರ ಒಪ್ಪಿಗೆ ಬೇಕು. ಮಂಗಳೂರಿನವರು, ನಮ್ಮವರೇ, ಬೇಗ ಆಗುತ್ತದೆ ಎಂದುಕೊಂಡು ಬಂದಿದ್ದಳು.

"ಬಣ್ಣ ಮಾತ್ರ ಅಲ್ವಾ ಆಂಟಿ? ಒಂದು ದಿನದ ಪ್ರೋಗ್ರಾಮ್."

"ಇವತ್ತು ನಿಂಗೆ ಬಣ್ಣ, ನಾಳೆ ಇನ್ನೊಬ್ಬರಿಗೆ ಆಕಾರ. ನಾಳೆ ನಿನ್ನ ಸರ್ಟಿಫಿಕೇಟಲ್ಲಿ ಇರುದೂ ಇದೇ ದೋಣಿ. ಎಲ್ಲಿ ಕಂಡ್ರೂ ಒಂದೇ ಹಾಗೆ ಇರ್ಬೇಕು. ಬಾ, ಕೂತ್ಕೊ."

ಸಿಟ್ಟಿನಲ್ಲೇ ಕುಳಿತಳು. ಉರ್ಸುಲಾ ಕಂಪ್ಯೂಟರಿನಲ್ಲಿ ದೋಣಿಯನ್ನು ಮೊದಲಿನ ನೀಲಿಗೆ ತಂದು, ಸುತ್ತ ಬಿಳಿ ಜಾಗ ಬಿಟ್ಟು, ಹಳದಿ ಕೆಂಪನ್ನು ಕೆಳಗೆ ಅಗಲ ಪಟ್ಟಿಯಾಗಿ ಹಾಸಿದರು. ಅವರ ಊಟದ ಡಬ್ಬಿ ಬಿಚ್ಚದೆ ಹಾಗೇ ಉಳಿಯಿತು. ಪೋಸ್ಟರ್ ಈಗ ಮೊದಲಿಗಿಂತ ಚೆನ್ನಾಗಿಯೇ ಕಾಣುತ್ತಿತ್ತು.

ಅಷ್ಟರಲ್ಲಿ ವಿಭಾಗದ ನಿರ್ದೇಶಕ ಹಂಝ ಒಳಗೆ ಬಂದರು. ಅವರೂ ಮಂಗಳೂರು ಕಡೆಯವರೇ.

"ಘಟಿಕೋತ್ಸವದ ಸ್ಪಾನ್ಸರ್ ಕಂಪನಿಯವರಿಗೆ ವೇದಿಕೆಯಲ್ಲಿ ನಮ್ಮ ಲೋಗೊ ಅವರ ಬಂಗಾರದ ಬಣ್ಣದಲ್ಲೇ ಬೇಕಂತೆ."

"ಆಗುದಿಲ್ಲ ಸರ್."

"ನಾನು ಹೂಂ ಅಂದಾಗಿದೆ ಉರ್ಸುಲಾ. ನಿಮ್ಮ ಕಾಂಟ್ರಾಕ್ಟ್ ಈ ತಿಂಗಳೇ ಅಲ್ವಾ ಮುಗಿಯುದು?"

ಕಾಂಟ್ರಾಕ್ಟ್ ಹೋದರೆ ವೀಸಾವೂ ಹೋಗುತ್ತದೆಂದು ಅಲ್ಲೇ ಹುಟ್ಟಿ ಬೆಳೆದ ಭವ್ಯಶ್ರೀಗೆ ಯಾರೂ ಹೇಳಬೇಕಿರಲಿಲ್ಲ. ಉರ್ಸುಲಾ ಮೌಸ್ ಬಿಟ್ಟು ಹಂಝರ ಕಡೆ ತಿರುಗಿದರು.

"ಈಗಷ್ಟೇ ಈ ಹುಡುಗಿಗೆ ಇಲ್ಲ ಅಂದೆ ಸರ್. ನಿಮಗೆ ಹೌದು ಅಂತ ಹೇಗೆ ಹೇಳುದು? ಅವರ ಹೆಸರನ್ನು ಕೆಳಗೆ ಬಂಗಾರದಲ್ಲೇ ಬರೆಸುವ. ನಾನೇ ಅವರ ಹತ್ರ ಮಾತಾಡ್ತೇನೆ."

ಹಂಝ ಹುಡುಗಿಯನ್ನೂ ಪೋಸ್ಟರನ್ನೂ ನೋಡಿದರು. "ಯಲ್ಲಾ, ಆಯ್ತು, ಮಾತಾಡಿ," ಎಂದು ಹೊರಟುಹೋದರು.

ಘಟಿಕೋತ್ಸವದ ವೇದಿಕೆಯಲ್ಲಿ ದೋಣಿ ನೀಲಿಯಾಗಿಯೇ ಇತ್ತು. ಉರ್ಸುಲಾರ ಕಾಂಟ್ರಾಕ್ಟ್ ಮಾತ್ರ ಪ್ರತಿಸಲದಂತೆ ಮೂರು ವರ್ಷಕ್ಕಲ್ಲ, ಒಂದೇ ವರ್ಷಕ್ಕೆ ಮುಂದುವರಿಯಿತು. ಅವರು ಅದನ್ನು ಯಾರಲ್ಲೂ ಹೇಳಿಕೊಳ್ಳಲಿಲ್ಲ. ಭವ್ಯಶ್ರೀಗೆ ಗೊತ್ತಾದದ್ದು ಅದೇ ಕಚೇರಿಯಲ್ಲಿದ್ದ ಗೆಳತಿಯೊಬ್ಬಳಿಂದ.

ರಾಜ್ಯೋತ್ಸವದ ಸಂಜೆ ಉರ್ಸುಲಾ ತಡವಾಗಿ ಬಂದರು. ಭವ್ಯಶ್ರೀ ವೇದಿಕೆಯಿಂದಿಳಿದು ಓಡಿ ಬಂದು, ಕೈ ಹಿಡಿದು ಮೊದಲ ಸಾಲಿಗೆ ಕರೆದಳು.

"ಬೇಡ ಮಗಾ, ನಂಗೆ ಇಲ್ಲೇ ಆರಾಮ."

ಕೊನೆಯ ಸಾಲಿನಲ್ಲಿ ಕುಳಿತು, ಎತ್ತರದ ಹಿಮ್ಮಡಿಯ ಚಪ್ಪಲಿ ಕಳಚಿ, ಅವರು ಪಾದಗಳನ್ನು ತಣ್ಣನೆಯ ನೆಲಕ್ಕೆ ಊರಿದರು. ವೇದಿಕೆಯಿಂದ ಯಾರೋ ಭವ್ಯಶ್ರೀಯ ಹೆಸರು ಕೂಗಿದರು. ಬಂದೆ ಎಂದು ಕೈ ಎತ್ತಿದವಳು, ಪಕ್ಕದ ಕುರ್ಚಿ ಎಳೆದು ಒಂದು ಗಳಿಗೆ ತಾನೂ ಅಲ್ಲೇ ಕುಳಿತಳು.