ಮೂವತ್ತೆರಡನೆಯ ಚೊಂಬು

"ಹಲ್ಕಾ ಜನ! ಸಿಕ್ಕಿದ್ದೆಲ್ಲಾ ಹೊಟ್ಟೆಗೆ ತುರುಕೋದು, ಆಮೇಲೆ ನೀರು ಸರಿಯಿಲ್ಲ ಅನ್ನೋದು. ಏಯ್, ಅಲ್ಲೇ ನಿಲ್ಲು. ಹೊಸಿಲು ದಾಟಬೇಡ."

ಆರೋಗ್ಯ ಕಚೇರಿಯ ಸಾಹೇಬರು ಮೂಗಿಗೆ ಕರವಸ್ತ್ರ ಒತ್ತಿಕೊಂಡೇ ಬೈದರು. ಹೊಸಿಲಿನಾಚೆ ನಿಂತಿದ್ದವರು ನನ್ನ ಅತ್ತೆ. ಹರಿದ ಗೋಣಿಚೀಲ ಹೊಲಿಯುವ ಷೆಡ್ಡಿನಿಂದ ನೇರ ಬಂದಿದ್ದರು. ತಲೆಯ ತುಂಬ ನಾರು, ಸೆರಗಿಗೆ ಸಿಕ್ಕಿಸಿದ ದಬ್ಬಣ.

"ಬೋರ್ಡ್ ನೋಡೋಕ್ ಬಂದೆ ಸಾಮಿ. ನಮ್ಮ ಗಲ್ಲೀಲಿ ಭೇದಿ ಸೊನ್ನೆ ಅಂತ ಬರ್ಸಿದೀರಂತೆ."

"ಓದೋಕ್ ಬರುತ್ತಾ ನಿಂಗೆ?"

"ಸೊನ್ನೆ ಗೊತ್ತು ಸಾಮಿ. ದಿನಾ ತಟ್ಟೇಲಿ ನೋಡ್ತೀವಲ್ಲ."

"ನಿಜವಾದ ಲೆಕ್ಕ ಗೋಪ್ಯ. ಹೊರಗೆ ಹೇಳೋ ಹಾಗಿಲ್ಲ."

"ನಮ್ಮ ಗಲ್ಲಿ ಭೇದಿ ನಮಗೇ ಗೋಪ್ಯಾನಾ? ಎಲ್ರಿಗೂ ಕಾಣೋ ಹಾಗೆ ಜನ ಓಡಾಡ್ತಿದಾರಲ್ಲ!"

ಒಳಗೆ ಮೇಜಿನ ಮುಂದೆ ಕೂತಿದ್ದ ನಾನು ನಗು ಬಾರದಂತೆ ತುಟಿ ಕಚ್ಚಿಕೊಂಡೆ. ಮನೆಮನೆಗೆ ಹೋಗಿ ಕಾಯಿಲೆ ಕೇಳಿ ಕಂಪ್ಯೂಟರಿಗೆ ಹಾಕುವುದು ನನ್ನ ಕೆಲಸ. ಆ ವಾರ ನಮ್ಮ ಗಲ್ಲಿಯಲ್ಲಿ ಭೇದಿಯಾದವರು ಮೂವತ್ತೊಂದು. ವಾರದ ಲೆಕ್ಕವನ್ನು ಜನರಿಗೆ ಕಾಣುವಂತೆ ಹೊರಗಿನ ಬೋರ್ಡಿನಲ್ಲಿ ಬರೆಯಬೇಕು. ಇಪ್ಪತ್ತು ದಾಟಿದರೆ ಚರಂಡಿಯೊಳಗೆ ಹಾದುಬರುವ ನಮ್ಮ ನಲ್ಲಿಯ ಪೈಪನ್ನು ಬದಲಿಸಲೇಬೇಕು. ನಿಯಮ ಹಾಗಿದೆ. ಸಾಹೇಬರು ಕಂಪ್ಯೂಟರಿನಲ್ಲಿದ್ದ ಮೂವತ್ತೊಂದನ್ನು ಅಳಿಸಿ, ಬೋರ್ಡಿನ ಸೊನ್ನೆಯನ್ನು ನನ್ನ ಕೈಯಲ್ಲೇ ಬರೆಸಿದ್ದರು.

"ನಾಳೆ ದೊಡ್ಡ ಮೇಡಂ ತಪಾಸಣೆಗೆ ಬರ್ತಾರೆ," ಅತ್ತೆ ಹೋದ ಮೇಲೆ ಅವರೆಂದರು. "ನಿಮ್ಮ ಹೆಂಗಸರಿಗೆ ಹೇಳು, ಅದೇ ದಬ್ಬಣದಲ್ಲಿ ಬಾಯಿ ಹೊಲ್ಕೊಳ್ಳಿ ಅಂತ. ಕೆಲಸ ಬೇಕಲ್ಲ ನಿಂಗೆ?"

ತಲೆಯಾಡಿಸಿದೆ. ಹೌದೋ ಅಲ್ಲವೋ ತಿಳಿಯದ ಹಾಗೆ.

ಸಂಜೆ ಅತ್ತೆ ನನ್ನ ಮೂರು ವರ್ಷದ ಮಗಳಿಗೆ ಉಪ್ಪು-ಸಕ್ಕರೆ ನೀರು ಕುಡಿಸುತ್ತಿದ್ದರು. ನಾಲ್ಕು ದಿನದಿಂದ ಮಗು ಹಿಂಡಿದ ಬಟ್ಟೆಯಂತಾಗಿತ್ತು.

"ನಿನ್ನ ಪಟ್ಟೀಲಿ ಕೂಸು ಇದೆಯಾ?"

"ಇಲ್ಲ ಅತ್ತೆ. ಕಾಯಿಲೆ ಮನೆಯವಳು, ಕೆಲಸಕ್ಕೆ ಬರಬೇಡ ಅಂದ್ಬಿಟ್ರೆ?"

"ಭಲೇ ಸೊಸೆ! ಊರ ಭೇದಿ ಬರ್ದು ಮನೆ ಭೇದಿ ಮುಚ್ಚಿಟ್ಟಳು." ನಕ್ಕರು. ಸಾಹೇಬರ ದಬ್ಬಣದ ಮಾತನ್ನೂ ಹೇಳಿದೆ. ಮಗುವಿನ ಬಾಯಿ ಒರೆಸುತ್ತ ಕೇಳಿದರು, "ಬಾಯಿ ಹೊಲ್ಕೊಳ್ಳಿ ಅಂದನಾ ಆ ಮುಂಡೇಮಗ? ಆಯ್ತು, ಹೊಲ್ಕೋತೀವಿ ಬಿಡು."

ನಮ್ಮ ನಲ್ಲಿಯ ಹತ್ತಿರ ಒಂದು ರೂಢಿಯಿದೆ. ಮನೆಯಲ್ಲಿ ಯಾರಾದರೂ ಕಾಯಿಲೆ ಮಲಗಿದ್ದರೆ ಸಾಲಿನಲ್ಲಿ ಪಾತ್ರೆಯನ್ನು ಬೋರಲು ಹಾಕಿ ಹೋಗುವುದು. ದೊಡ್ಡವರಿಗೆ ಬಿಂದಿಗೆ, ಮಕ್ಕಳಿಗೆ ಚೊಂಬು. ಸಾಲಿನಲ್ಲಿ ಹಿಂದೆ ನಿಂತವಳು ಅದನ್ನು ತುಂಬಿಸಿ ಆ ಮನೆ ಬಾಗಿಲಿಗಿಟ್ಟು ಬರುತ್ತಾಳೆ. ಯಾರೂ ಏನೂ ಕೇಳುವುದಿಲ್ಲ. ಆ ನಾಲ್ಕು ದಿನವೂ ನಾನು ಚೊಂಬಿಟ್ಟಿರಲಿಲ್ಲ.

ಬೆಳಿಗ್ಗೆ ದೊಡ್ಡ ಮೇಡಂ ಕಾರಿನಿಂದಿಳಿದಾಗ ನಲ್ಲಿಯಿಂದ ಕಚೇರಿಯ ಮೇಲಿನ ಮೆಟ್ಟಿಲವರೆಗೆ ಬಿಂದಿಗೆ, ಚೊಂಬುಗಳ ಸಾಲು. ಎಲ್ಲವೂ ಬೋರಲು. ಪಕ್ಕದಲ್ಲಿ ಹೆಂಗಸರು ತುಟಿ ಬಿಗಿದು ನಿಂತಿದ್ದರು.

"ಏನಿದು?"

ಯಾರೂ ಬಾಯಿ ಬಿಡಲಿಲ್ಲ. ಕೆಳಗೆ ಮೇಡಂ ಪಕ್ಕ ನಿಂತಿದ್ದ ಸಾಹೇಬರು ನಕ್ಕರು. "ನೀರು ಸಾಲದು ಅಂತ ಗಲಾಟೆ ಮೇಡಂ. ಬೇಕಾದ್ರೆ ಇವಳನ್ನೇ ಕೇಳಿ, ಓದಿದವಳು. ಹೌದು ತಾನೇ?"

ಎಲ್ಲರೂ ನನ್ನನ್ನು ನೋಡಿದರು. ಅತ್ತೆ ಸೆರಗಿನಡಿಯಿಂದ ನಮ್ಮ ಮನೆಯ ಚೊಂಬು ತೆಗೆದು ನನ್ನ ಕೈಗಿಟ್ಟರು. ಕಣ್ಣಲ್ಲಿ ಹಿಂದಿನ ಸಂಜೆಯ ಅದೇ ನಗು. ಚೊಂಬಿನ ತುಂಬ ನಲ್ಲಿಯ ನೀರಿತ್ತು.

"ಇದು ಭೇದಿಯ ಲೆಕ್ಕ ಮೇಡಂ," ಎಂದೆ. ನನ್ನ ದನಿ ನನಗೇ ಸಣ್ಣದಾಗಿ ಕೇಳಿಸಿತು. "ಬಿಂದಿಗೆ ದೊಡ್ಡವರದು, ಚೊಂಬು ಮಕ್ಕಳದು. ಬೋರ್ಡಿನ ಮೇಲಿನ ಸೊನ್ನೆ ನಾನೇ ಬರೆದದ್ದು, ಸುಳ್ಳು. ಇಲ್ಲಿ ಮೂವತ್ತೊಂದಿದೆ. ಅದೂ ತಪ್ಪು."

ಮೆಟ್ಟಿಲು ಹತ್ತಿ, ಸಾಲಿನ ತುದಿಯಲ್ಲಿ ಚೊಂಬು ಬೋರಲು ಹಾಕಿದೆ.

"ಮೂವತ್ತೆರಡು. ಇದು ನನ್ನ ಮಗಳದು."

ನೀರು ಮೆಟ್ಟಿಲಿಳಿದು ಸಾಹೇಬರ ಬೂಟಿನತ್ತ ಹರಿಯಿತು. ಅವರು ಹಾವು ಕಂಡವರಂತೆ ಹಿಂದಕ್ಕೆ ಹಾರಿದರು.

ಆಗ ಅತ್ತೆ ಬಾಯಿ ಬಿಟ್ಟರು.

"ಹೆದರಬೇಡಿ ಸಾಮಿ. ನಾವು ದಿನಾ ಕುಡಿಯೋದೇ."